ಬಾಡಿಗೆ ಮನೆ: ತೋಟಕ್ಕೆ ಆಸರೆಯೋ, ಹೊರೆಯೋ?

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ನಮ್ಮ ಮನೆಗಳಲ್ಲಿ ಹಿಂದೆ ಎರಡೇ ಮಾತು ಏಳುತ್ತಿದ್ದವು: ಇನ್ನೊಂದು ಕೊಳವೆಬಾವಿ ಕೊರೆಸುವುದೋ, ಇಲ್ಲ ಮಗಳ ಮದುವೆ ಮುಗಿಸುವುದೋ. ಈಗ ಮೂರನೆಯದೊಂದು ಸೇರಿಕೊಂಡಿದೆ. ಹಿರೇಹಳ್ಳಿ ಕಡೆ ಎರಡು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಹೇಗೆ ಎಂಬ ಪ್ರಶ್ನೆ ಅದು. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಸಣ್ಣ ಹಿಡುವಳಿದಾರರಲ್ಲಿ ಈ ಪ್ರಶ್ನೆ ಕೇಳದ ಮನೆ ಕಡಿಮೆ. ಆದ್ದರಿಂದ ಈ ಬಗ್ಗೆ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲಿಗೇ ಹೇಳಿಬಿಡುತ್ತೇವೆ. ಬಾಡಿಗೆ ಮನೆ ಬೇಡವೆಂಬುದು ನಮ್ಮ ಮಾತಲ್ಲ. ಸಣ್ಣದಾಗಿ, ಕೈಯಲ್ಲಿರುವ ಹಣದಲ್ಲಿ, ಕಣ್ಣಳತೆಯ ದೂರದಲ್ಲಿ ಕಟ್ಟಿದ ಮನೆ ತೋಟಕ್ಕೆ ಆಸರೆಯಾಗುತ್ತದೆ. ತೋಟವನ್ನು ಅಡವಿಟ್ಟು ಕಟ್ಟಿದ ಮನೆ ತೋಟವನ್ನೇ ನುಂಗುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ಅಡಿಪಾಯ ತೋಡುವ ಮೊದಲೇ ತಿಳಿದುಕೊಳ್ಳಬೇಕು.

ಆಸೆಗೆ ಕಾರಣವಿದೆ

ಬೆಳೆಗಾರನ ಮನಸ್ಸು ಬಾಡಿಗೆಯ ಕಡೆ ಹರಿಯುವುದರಲ್ಲಿ ಆಶ್ಚರ್ಯವಿಲ್ಲ. ತೋಟ ಹಣ ಕೊಡುವುದು ವರ್ಷಕ್ಕೊಮ್ಮೆ. ಚೇಣಿಗೆ ಕೊಟ್ಟರೂ ಅಷ್ಟೆ, ನಾವೇ ಬೇಯಿಸಿ ಒಣಗಿಸಿ ಮಾರಿದರೂ ಅಷ್ಟೆ. ಖರ್ಚು ಮಾತ್ರ ತಿಂಗಳು ತಿಂಗಳು ಬರುತ್ತದೆ. ಶಾಲೆಯ ಶುಲ್ಕ, ಔಷಧಿ, ದಿನಸಿ ಅಂಗಡಿಯ ಲೆಕ್ಕ ಇವು ಕೊಯ್ಲಿಗಾಗಿ ಕಾಯುವುದಿಲ್ಲ. ಆ ನಡುವಿನ ತಿಂಗಳುಗಳಲ್ಲಿ ನಾವು ಕೈಸಾಲ ಮಾಡುತ್ತೇವೆ, ಅದಕ್ಕೆ ಬಡ್ಡಿ ಕಟ್ಟುತ್ತೇವೆ.

ಇನ್ನು ಧಾರಣೆಯ ಮಾತು. 2014ರಲ್ಲಿ ಅಡಿಕೆ ಬೆಲೆ ಯಾರೂ ಎಣಿಸದ ಎತ್ತರಕ್ಕೆ ಏರಿತ್ತು. ಎರಡು ವರ್ಷ ಕಳೆಯುವುದರೊಳಗೆ ಅದರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕಾಫಿ ಬೆಳೆಗಾರರ ಅನುಭವವೂ ಬೇರೆಯಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದ ಮೇಲೆ ಬೆಲೆ ಕುಸಿದದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಇದರ ಜತೆಗೆ ನಮ್ಮ ಸೀಮೆಯಲ್ಲಿ ನೀರಿನ ಚಿಂತೆ. ಸಾವಿರ ಅಡಿ ಕೊರೆಸಿಯೂ ಬರೀ ಧೂಳು ಬಂದ ಮನೆಗಳು ಎಷ್ಟೋ ಇವೆ. ಹೀಗಿರುವಾಗ ಮಳೆ, ಮಂಡಿ, ರೋಗ ಯಾವುದನ್ನೂ ಕೇಳದೆ ತಿಂಗಳ ಮೊದಲ ವಾರ ಕೈಗೆ ಬರುವ ಐದು ಸಾವಿರ ರೂಪಾಯಿಗೆ ಬೆಲೆಯಿದೆ. ಹಳೆ ಮೈಸೂರು ಸೀಮೆಯ ಊರುಗಳಲ್ಲಿ ವಠಾರದ ಬಾಡಿಗೆಯಿಂದಲೇ ಮಕ್ಕಳನ್ನು ಓದಿಸಿದ ತಾಯಂದಿರು ಇದ್ದರು. ಆ ಮಾದರಿ ನಮಗೆ ಹೊಸದೇನೂ ಅಲ್ಲ.

ಬಾಡಿಗೆ ಹುಟ್ಟುವುದು ಸಂಬಳದಿಂದ

ಹಿರೇಹಳ್ಳಿ ಬೆಂಗಳೂರು–ತುಮಕೂರು ಹೆದ್ದಾರಿಯ ಮೇಲಿದೆ. ರೈಲು ನಿಲ್ದಾಣವಿದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿರುವುದರಿಂದ ನಮ್ಮಲ್ಲಿ ಅನೇಕರಿಗೆ ಆ ಊರು ಸಸಿ ಮತ್ತು ಸಲಹೆಗಾಗಿ ಪರಿಚಿತ. ಈಗ ಅದರ ಕೈಗಾರಿಕಾ ಪ್ರದೇಶ ಇನ್ನಷ್ಟು ಪರಿಚಿತವಾಗಿದೆ. ಅಂತರಸನಹಳ್ಳಿ, ಸತ್ಯಮಂಗಲ, ವಸಂತನರಸಾಪುರಗಳಲ್ಲೂ ಇದೇ ನೋಟ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕಾರ್ಖಾನೆ ಬಂದ ಕಡೆ ಕೆಲಸಗಾರ ಬರುತ್ತಾನೆ, ಅವನಿಗೆ ತಲೆಯ ಮೇಲೊಂದು ಸೂರು ಬೇಕು. ಇಲ್ಲಿಯವರೆಗಿನ ಲೆಕ್ಕ ಸರಿ.

ಆದರೆ ಒಂದು ಅಂಶವನ್ನು ಬಿಡಿಸಿ ನೋಡಬೇಕು. ನಿವೇಶನದ ಬೆಲೆ ಮಾತಿನ ಮೇಲೆ ಏರುತ್ತದೆ. ಮೆಟ್ರೋ ಬರುತ್ತದಂತೆ, ಹೊಸ ರಸ್ತೆ ಬರುತ್ತದಂತೆ ಎಂದ ಕೂಡಲೇ ಚದರಡಿಗೆ ನೂರು ರೂಪಾಯಿ ಹೆಚ್ಚುತ್ತದೆ. ಬಾಡಿಗೆ ಮಾತಿನ ಮೇಲೆ ಏರುವುದಿಲ್ಲ, ಕೆಲಸಗಾರನ ಸಂಬಳದ ಮೇಲೆ ಏರುತ್ತದೆ. ತಿಂಗಳಿಗೆ ಹದಿನೆಂಟು ಸಾವಿರ ಪಡೆಯುವವನು ನಾಲ್ಕೈದು ಸಾವಿರಕ್ಕಿಂತ ಹೆಚ್ಚು ಬಾಡಿಗೆ ಕೊಡಲಾರ. ನಿವೇಶನಕ್ಕೆ ನಾವು ಎಷ್ಟು ಲಕ್ಷ ಸುರಿದಿದ್ದೇವೆ ಎಂಬುದು ಅವನಿಗೆ ಸಂಬಂಧವಿಲ್ಲ. ಆದಕಾರಣ ದಲ್ಲಾಳಿ ನಿವೇಶನ ತೋರಿಸಿದಾಗ ಮುಂದೆ ಬೆಲೆ ಎಷ್ಟಾಗುತ್ತದೆ ಎಂದು ಕೇಳಬೇಡಿ. ಇಂದು ಪಕ್ಕದ ಮನೆಯವನು ಎಷ್ಟು ಬಾಡಿಗೆ ಕೊಡುತ್ತಿದ್ದಾನೆ, ಆ ಬೀದಿಯಲ್ಲಿ ಎಷ್ಟು ಮನೆ ಖಾಲಿ ಬಿದ್ದಿವೆ ಎಂದು ಕೇಳಿ. ದಲ್ಲಾಳಿಯನ್ನಲ್ಲ, ಬೀದಿ ಬದಿಯ ಚಹದಂಗಡಿಯವನನ್ನು ಕೇಳಿ.

ಒಂದೇ ಕಾರ್ಖಾನೆಯನ್ನು ನಂಬುವುದೂ ತರವಲ್ಲ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಒಂದು ಕಾಲಕ್ಕೆ ಊರಿನ ಹೆಮ್ಮೆಯಾಗಿತ್ತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಅಷ್ಟು ದೊಡ್ಡ ಸರ್ಕಾರಿ ಕಾರ್ಖಾನೆಗೇ ಹೀಗಾದ ಮೇಲೆ ನಿನ್ನೆ ಮೊನ್ನೆ ಬಾಗಿಲು ತೆರೆದ ಸಣ್ಣ ಘಟಕದ ಮಾತೇನು? ಕಾರ್ಖಾನೆಯವರೂ ಬರಬಹುದಾದ, ಅಧ್ಯಾಪಕರೂ ಬರಬಹುದಾದ, ಬಸ್ಸು ರೈಲು ಹತ್ತಿರವಿರುವ ಜಾಗವೇ ಲೇಸು.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆಂದು ಒಂದು ಲೆಕ್ಕ. ಊರೊಳಗೆ ನಮ್ಮದೇ ಹಳೆಯ ನಿವೇಶನವಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಒಂದು ಕೋಣೆ, ಅಡುಗೆಮನೆ, ಬಚ್ಚಲು ಇರುವ ಎರಡು ಸಣ್ಣ ತಾರಸಿ ಮನೆಗಳಿಗೆ 14 ಲಕ್ಷ ರೂಪಾಯಿ ಖರ್ಚಾಯಿತು. ತಲಾ 5,000ದಂತೆ ತಿಂಗಳಿಗೆ 10,000, ವರ್ಷಕ್ಕೆ 1,20,000 ರೂಪಾಯಿ. ಸಾಮಾನ್ಯವಾಗಿ ನಮ್ಮವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು.

ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಇರುತ್ತದೆ ಎಂದು ಹಿಡಿಯಿರಿ, 10,000 ಹೋಯಿತು. ಸುಣ್ಣಬಣ್ಣ, ನಲ್ಲಿ, ಮೋಟಾರು, ಸೋರುವ ತಾರಸಿ ಎಲ್ಲಕ್ಕೂ ಸೇರಿ 12,000. ಪಂಚಾಯಿತಿ ಕಂದಾಯ 4,000. ಉಳಿದದ್ದು 94,000. ಹಾಕಿದ ಬಂಡವಾಳಕ್ಕೆ ನೂರಕ್ಕೆ ಆರೂವರೆಗಿಂತ ಸ್ವಲ್ಪ ಹೆಚ್ಚು. ಅದೇ ನಿವೇಶನವನ್ನು 10 ಲಕ್ಷ ಕೊಟ್ಟು ಕೊಂಡಿದ್ದರೆ ಬಂಡವಾಳ 24 ಲಕ್ಷವಾಗುತ್ತದೆ, ಹುಟ್ಟುವಳಿ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಜಾಗದ ಬೆಲೆ ಏರಿದರೆ ಲಾಭವುಂಟು, ನಿಜ. ಆದರೆ ಆ ಲಾಭ ಮಾರಿದ ದಿನ ಸಿಗುವುದು. ಮಾರುವ ಮನಸ್ಸಿಲ್ಲದವನಿಗೆ ಅದು ಕಾಗದದ ಮೇಲಿನ ಹಣ.

ಈಗ ಸಾಲವನ್ನು ಸೇರಿಸಿ. 14 ಲಕ್ಷದಲ್ಲಿ 10 ಲಕ್ಷವನ್ನು ನೂರಕ್ಕೆ 9ರ ಬಡ್ಡಿಗೆ, 15 ವರ್ಷದ ಅವಧಿಗೆ ತಂದರೆ ತಿಂಗಳ ಕಂತು ಸುಮಾರು 10,140 ರೂಪಾಯಿ, ವರ್ಷಕ್ಕೆ ಹತ್ತಿರ ಹತ್ತಿರ 1,21,700. ಮನೆಯಿಂದ ಬರುವುದು 94,000. ಮಿಕ್ಕ 27,700 ಎಲ್ಲಿಂದ ಬರಬೇಕು? ತೋಟದಿಂದ. ಹದಿನೈದು ವರ್ಷ, ಪ್ರತಿವರ್ಷ. ತೋಟಕ್ಕೆ ಆಸರೆಯಾಗಲೆಂದು ಕಟ್ಟಿದ ಮನೆಗೆ ತೋಟವೇ ಊರುಗೋಲಾಗಿ ನಿಂತ ಹಾಗಾಯಿತು. ಧಾರಣೆ ಬಿದ್ದ ವರ್ಷ ಆ ಊರುಗೋಲು ಮುರಿಯುತ್ತದೆ.

ತೋಟದ ಪಹಣಿಯನ್ನು ಮುಟ್ಟಬೇಡಿ

ಆದ್ದರಿಂದ ನಮ್ಮ ಮೊದಲ ಮಾತು: ಬಾಡಿಗೆ ಮನೆಗಾಗಿ ತೋಟವನ್ನು ಅಡವಿಡಬೇಡಿ. ಇದಕ್ಕೆ ಕಾನೂನಿನ ಕಾರಣವೂ ಒಂದಿದೆ. ನ್ಯಾಯಾಲಯಕ್ಕೆ ಹೋಗದೆಯೇ ಬ್ಯಾಂಕು ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕಲು 2002ರ ಸರ್ಫೇಸಿ ಕಾಯ್ದೆ ಅವಕಾಶ ಕೊಡುತ್ತದೆ. ಕೃಷಿ ಭೂಮಿಗೆ ಆ ಕಾಯ್ದೆಯಿಂದ ವಿನಾಯಿತಿ ಇದೆ. ಆದರೆ ಮನೆ ಕಟ್ಟಲು ಜಮೀನನ್ನು ಕೃಷಿಯೇತರವಾಗಿ ಪರಿವರ್ತಿಸಿ ಬ್ಯಾಂಕಿಗೆ ಬರೆದುಕೊಟ್ಟರೆ ಆ ತುಂಡಿಗೆ ಈ ರಕ್ಷಣೆ ಇರುವುದಿಲ್ಲ. ಕೃಷಿ ಜಮೀನೆಂದ ಮಾತ್ರಕ್ಕೆ ಸಾಲ ಮನ್ನಾ ಆಯಿತೆಂದೂ ಅಲ್ಲ. ನ್ಯಾಯಾಲಯದ ಮೂಲಕ ವಸೂಲಿಯ ದಾರಿ ಇದ್ದೇ ಇದೆ. ಸಹಕಾರ ಸಂಘದಿಂದ ತಂದ ಬೆಳೆಸಾಲವನ್ನು ಇಟ್ಟಿಗೆ ಸಿಮೆಂಟಿಗೆ ತಿರುಗಿಸುವುದಂತೂ ಎಂದಿಗೂ ಕೂಡದು. ಬಡ್ಡಿ ರಿಯಾಯಿತಿಯ ಆ ಹಣ ಗೊಬ್ಬರಕ್ಕೆ, ಕೂಲಿಗೆ ಬಂದದ್ದು. ಅದು ಮನೆಯ ಗೋಡೆ ಸೇರಿದರೆ ಮುಂದಿನ ಹಂಗಾಮಿನಲ್ಲಿ ಗೊಬ್ಬರಕ್ಕೆ ಕೈಸಾಲವೇ ಗತಿ.

ಹಾಗಾದರೆ ಸಾಲವೇ ಬೇಡವೇ? ಕಟ್ಟುವ ಖರ್ಚಿನ ಮುಕ್ಕಾಲು ಪಾಲು ಕೈಯಲ್ಲಿದ್ದು, ಮಿಕ್ಕ ಕಾಲು ಭಾಗಕ್ಕೆ ಸಾಲ ತಂದು, ಕಂತು ನಿವ್ವಳ ಬಾಡಿಗೆಯ ಅರ್ಧ ಮೀರದಿದ್ದರೆ ತೊಂದರೆಯಿಲ್ಲ ಎಂಬುದು ನಮ್ಮ ಅಳತೆ. ಹಣ ಸಾಲದಿದ್ದರೆ ಎರಡರ ಬದಲು ಒಂದೇ ಮನೆ ಕಟ್ಟಿ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಹಿಂಗಾರಕ್ಕೆ ಕಾಯುವ ತಾಳ್ಮೆ ನಮಗಿದೆ. ಎರಡನೆಯ ಮನೆಗೆ ಮೂರು ವರ್ಷ ಕಾಯಲಾರೆವೇ?

ಮುಂಗಡ ನಮ್ಮ ಹಣವಲ್ಲ

ಸಾಲವೆಂದು ನಾವು ಗುರುತಿಸದ ಸಾಲ ಇನ್ನೊಂದಿದೆ. ಅದು ಮುಂಗಡ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಪಡೆಯುವ ರೂಢಿ ಬೆಂಗಳೂರಿನದು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಮುಂಗಡ ಸಾಕೆಂದಿದೆ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿಕೊಂಡರೆ ಜಾರಿ. ಮೊತ್ತ ಎಷ್ಟೇ ಇರಲಿ, ಅದು ಬಾಡಿಗೆದಾರ ಮನೆ ಬಿಡುವ ದಿನ ಹಿಂತಿರುಗಿಸಬೇಕಾದ ಹಣ. ಅದನ್ನು ಕೊಳವೆಬಾವಿಗೆ ಸುರಿದರೆ ಅವನು ಹೊರಟ ದಿನ ನಾವು ಬಡ್ಡಿಗೆ ಹುಡುಕಬೇಕಾಗುತ್ತದೆ. ಮುಂಗಡವನ್ನು ಅವನ ಹೆಸರು ಬರೆದು ಬೇರೆಯೇ ಠೇವಣಿಯಲ್ಲಿ ಇಡಿ.

ಇದಕ್ಕಿಂತ ಅಪಾಯದ್ದು ಭೋಗ್ಯ. ತಿಂಗಳ ಬಾಡಿಗೆಯೇ ಇಲ್ಲದೆ ಮೂರು ಲಕ್ಷ, ಐದು ಲಕ್ಷ ಒಟ್ಟಿಗೆ ಪಡೆದು, ಎರಡು ಮೂರು ವರ್ಷದ ನಂತರ ಅಷ್ಟನ್ನೂ ಹಿಂದಿರುಗಿಸುವ ಪದ್ಧತಿ. ಹಣ ಒಟ್ಟಿಗೆ ಬರುವುದರಿಂದ ಮೋಹ ಹೆಚ್ಚು. ನಮ್ಮ ಅಜ್ಜಂದಿರ ಕಾಲದಲ್ಲಿ ಜಮೀನನ್ನು ಭೋಗ್ಯಕ್ಕೆ ಹಾಕಿ ಬಿಡಿಸಿಕೊಳ್ಳಲಾಗದೆ ಕಳೆದುಕೊಂಡ ಕುಟುಂಬಗಳ ಕಥೆ ಪ್ರತಿ ಊರಿನಲ್ಲೂ ಇದೆ. ಮನೆಯ ಭೋಗ್ಯವೂ ಅದರ ತಮ್ಮನೇ. ಒಬ್ಬನ ಹಣ ಹಿಂತಿರುಗಿಸಲು ಇನ್ನೊಬ್ಬನನ್ನು ಹುಡುಕಬೇಕು, ಅವನಿಗೆ ಕೊಡಲು ಮತ್ತೊಬ್ಬನನ್ನು. ತಿಂಗಳ ಖರ್ಚಿಗೆ ಆಧಾರವಾಗಲೆಂದು ಕಟ್ಟಿದ ಮನೆಯಿಂದ ತಿಂಗಳಿಗೆ ಒಂದು ಕಾಸೂ ಬಾರದಿದ್ದರೆ ಕಟ್ಟಿದ ಉದ್ದೇಶವೇ ಕೆಟ್ಟಿತು. ಹಣವನ್ನು ಠೇವಣಿಯಲ್ಲೇ ಇಡುವ ಗಟ್ಟಿ ಮನಸ್ಸಿಲ್ಲದವರು ಭೋಗ್ಯಕ್ಕೆ ಕೈಹಾಕದಿರುವುದೇ ಕ್ಷೇಮ.

ಕಾಗದಪತ್ರ ಮತ್ತು ಅಣ್ಣತಮ್ಮಂದಿರು

ರಸ್ತೆಯ ಅಂಚಿನಲ್ಲಿ ತೋಟವಿದ್ದವರಿಗೆ ಅದರ ಒಂದು ಮೂಲೆಯಲ್ಲೇ ಸಾಲುಮನೆ ಕಟ್ಟುವ ಯೋಚನೆ ಬರುತ್ತದೆ. ಆದರೆ ಕೃಷಿ ಜಮೀನಿನಲ್ಲಿ ಹಾಗೆ ಕಟ್ಟುವಂತಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು. ತೋಟದ ಮನೆಗೆ ಇರುವ ಸೌಲಭ್ಯ ಬೇಸಾಯಗಾರನ ಸ್ವಂತ ಉಪಯೋಗಕ್ಕೇ ಹೊರತು ಬಾಡಿಗೆಯ ಸಾಲುಮನೆಗೆ ಅಲ್ಲ. ಹೆದ್ದಾರಿಯ ಬದಿಯಲ್ಲಾದರೆ ರಸ್ತೆಯಿಂದ ಬಿಡಬೇಕಾದ ಅಂತರವನ್ನೂ ಕೇಳಿ ತಿಳಿಯಬೇಕು. ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ಅಂಚಿನ ಗೋಡೆ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನ ಕೊಳ್ಳುವವರು ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೇ ಎಂದು ನೋಡಬೇಕು. 11ಬಿ ಎಂದರೆ ಕ್ರಮಬದ್ಧವಲ್ಲದ ಸ್ವತ್ತಿನ ದಾಖಲೆ. ಅದನ್ನು ತೋರಿಸಿ ಎರಡೂ ಒಂದೇ ಎನ್ನುವ ದಲ್ಲಾಳಿಯ ಮಾತಿಗೆ ಒಪ್ಪಬೇಡಿ. ಉಪನೋಂದಣಿ ಕಛೇರಿಯಿಂದ ಋಣಭಾರ ಪತ್ರ ತೆಗೆಸಿ. ಬಡಾವಣೆ ಐನೂರು ಚದರ ಮೀಟರಿಗಿಂತ ದೊಡ್ಡದಾದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ರೇರಾ ನೋಂದಣಿ ಇದೆಯೇ ಕೇಳಿ.

ಕಾಗದಕ್ಕಿಂತ ಮಿಗಿಲಾದುದು ಮನೆಯೊಳಗಿನ ಮಾತು. ಭಾಗವಾಗದ ಪಿತ್ರಾರ್ಜಿತ ಜಾಗದಲ್ಲಿ ಒಬ್ಬ ತಮ್ಮ ತನ್ನ ದುಡಿಮೆಯಿಂದ ಮನೆ ಕಟ್ಟಿದ. ಬಾಡಿಗೆ ಬರತೊಡಗಿದ ಮೇಲೆ ಅಣ್ಣ ಪಾಲು ಕೇಳಿದ. ಯಾರದೂ ತಪ್ಪಲ್ಲ, ಇಬ್ಬರಿಗೂ ನ್ಯಾಯಾಲಯದ ಅಲೆದಾಟ. ಹೆಣ್ಣುಮಕ್ಕಳ ಸಮಪಾಲನ್ನು ನಮ್ಮ ರಾಜ್ಯ 1994ರಲ್ಲೇ ಒಪ್ಪಿತು, 2005ರ ತಿದ್ದುಪಡಿಯಿಂದ ಅದು ದೇಶಕ್ಕೆಲ್ಲ ಅನ್ವಯವಾಯಿತು. ಅರಿಶಿನ ಕುಂಕುಮ ಕೊಟ್ಟು ಕಳಿಸಿದ್ದೇವೆ ಎಂಬ ಮಾತು ಈಗ ನಿಲ್ಲದು, ನಿಲ್ಲಬಾರದು ಕೂಡ. ಮೊದಲು ನೋಂದಾಯಿತ ವಿಭಾಗ, ಅಕ್ಕತಂಗಿಯರ ಸಹಿ. ಆಮೇಲೆ ಗುದ್ದಲಿಪೂಜೆ.

ನೀರು ಯಾರ ಪಾಲಿನದು?

ಊರ ಹೊರಗಿನ ಜಾಗವಾದರೆ ನೀರಿನ ಪ್ರಶ್ನೆ ಮುಂದೆ ನಿಲ್ಲುತ್ತದೆ. ನಾಲ್ಕು ಸಂಸಾರ, ಹದಿನಾರು ಜನ, ತಲೆಗೆ ದಿನಕ್ಕೆ ನೂರು ಲೀಟರ್ ಎಂದರೆ 1,600 ಲೀಟರ್. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ನಾಲ್ಕು ಮನೆಗಳ ನೀರು ಎಂಬತ್ತರಿಂದ ನೂರು ಮರಗಳ ನೀರು. ತೋಟದ ಕೊಳವೆಬಾವಿಯನ್ನೇ ನಂಬಿ ಬಾಡಿಗೆದಾರರನ್ನು ತಂದವನು ಏಪ್ರಿಲ್ ತಿಂಗಳಲ್ಲಿ ಗೊನೆ ಉಳಿಸಲೋ, ಮನೆಯ ತೊಟ್ಟಿ ತುಂಬಿಸಲೋ ಎಂದು ನಿಲ್ಲಬೇಕಾಗುತ್ತದೆ. ಪಂಚಾಯಿತಿಯ ನಲ್ಲಿ ಇರುವ, ತಾರಸಿಯ ಮಳೆನೀರು ಹಿಡಿಯುವ ತೊಟ್ಟಿಗೆ ಜಾಗವಿರುವ ಕಡೆಯೇ ಕಟ್ಟುವುದು ಜಾಣತನ.

ವಿದ್ಯುತ್ತಿನದೂ ಇದೇ ಮಾತು. ನೀರಾವರಿ ಪಂಪ್‌ಸೆಟ್ಟಿನ ಉಚಿತ ಸಂಪರ್ಕದಿಂದ ಮನೆಗೆ ತಂತಿ ಎಳೆಯುವುದು ಅಪರಾಧ. ಪ್ರತಿ ಮನೆಗೂ ಬೇರೆ ಬೇರೆ ಮೀಟರು ಹಾಕಿಸಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಬೇರೆ ಮೀಟರಿದ್ದರೆ ಅದರ ಪ್ರಯೋಜನ ಅವರಿಗೆ ಸಿಗುತ್ತದೆ, ಬಿಲ್ಲಿನ ಜಗಳ ನಮಗೆ ತಪ್ಪುತ್ತದೆ.

ಗೇಣಿಯ ಭಯ

ನಮ್ಮ ಹಿರಿಯರಲ್ಲಿ ಒಂದು ಅಳುಕು ಇನ್ನೂ ಇದೆ. ಒಳಗೆ ಬಿಟ್ಟವನು ನಾಳೆ ತನ್ನದೇ ಎಂದರೆ? ಈ ಅಳುಕಿಗೆ ಇತಿಹಾಸವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿ, ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರಿಗೆ ಭೂನ್ಯಾಯ ಮಂಡಳಿಗಳ ಮೂಲಕ ಹಕ್ಕು ಬಂತು. ಉಳುವವನಿಗೆ ನ್ಯಾಯ ಸಿಕ್ಕಿತು, ಅದರ ಬಗ್ಗೆ ತಕರಾರಿಲ್ಲ. ಆದರೆ ಅದು ಕೃಷಿ ಭೂಮಿಗೆ ಸಂಬಂಧಿಸಿದ ಕಾನೂನು. ವಾಸದ ಮನೆಯ ಬಾಡಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಗೂ, ಸಣ್ಣ ಮೊತ್ತದ ಬಾಡಿಗೆಯಾದರೆ ಕರ್ನಾಟಕ ಬಾಡಿಗೆ ಕಾಯ್ದೆ, 1999ಕ್ಕೂ ಒಳಪಡುತ್ತದೆ. ಬಾಡಿಗೆ ಕರಾರಿನ ಮೇಲೆ ಮನೆ ಹೊಕ್ಕವನು ಬಾಡಿಗೆದಾರನಾಗಿ ಇರುವವರೆಗೆ ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ನಿಯಮ.

ಅದಕ್ಕಾಗಿ ಕರಾರು ಬರಹದಲ್ಲಿರಬೇಕು. ಒಂದು ವರ್ಷ ಮೀರಿದ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ. ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುವುದು ಇದೇ ಕಾರಣದಿಂದ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ಸುಣ್ಣಬಣ್ಣ ಯಾರದು, ಬಿಡುವಾಗ ಎಷ್ಟು ದಿನದ ಸೂಚನೆ ಇವೆಲ್ಲ ಅದರಲ್ಲಿ ಬರಲಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಡೆಯಿರಿ, ಕೈಯಲ್ಲಿ ಪಡೆದರೆ ರಸೀದಿ ಕೊಡಿ. ಅವನು ಬಾಡಿಗೆ ನಿಲ್ಲಿಸಿದನೆಂದು ಬೀಗ ಜಡಿಯುವುದು, ನೀರು ನಿಲ್ಲಿಸುವುದು ಮಾಡಬೇಡಿ. ನೋಟೀಸು ಮತ್ತು ನ್ಯಾಯಾಲಯವೇ ದಾರಿ. ಆ ದಾರಿ ನಿಧಾನವಾದ್ದರಿಂದಲೇ ಮೊದಲ ದಿನದ ವಿಚಾರಣೆ ಮುಖ್ಯ.

ವಿಚಾರಣೆ ಎಂದಾಗ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಮನೆ ಕೇಳಲು ಬಂದವನಿಗೆ ನಮ್ಮವರು ಹಾಕುವ ಮೊದಲ ಪ್ರಶ್ನೆ “ನೀವು ಯಾವ ಜನ?” ಎಂಬುದು. ಈ ಪ್ರಶ್ನೆ ಬಿಡೋಣ. ಎಲ್ಲಿ ಕೆಲಸ, ಎಷ್ಟು ವರ್ಷದಿಂದ, ಹಿಂದಿನ ಮನೆಯವರ ಫೋನ್ ನಂಬರು ಏನು ಎಂದು ಕೇಳೋಣ. ಜಾತಿ ಬಾಡಿಗೆ ಕೊಡುವುದಿಲ್ಲ, ದುಡಿಮೆ ಕೊಡುತ್ತದೆ. ಉತ್ತರ ಕರ್ನಾಟಕದಿಂದಲೋ ಹೊರರಾಜ್ಯದಿಂದಲೋ ಬಂದು ಪಾಳಿಯಲ್ಲಿ ದುಡಿಯುವ ಹುಡುಗ ನಮ್ಮ ಮಗನೇ ಬೆಂಗಳೂರಿನಲ್ಲಿ ಮನೆ ಹುಡುಕಿ ಅಲೆದಂತೆ ಇಲ್ಲಿ ಅಲೆಯುತ್ತಿದ್ದಾನೆ. ನಮ್ಮ ಮಗನನ್ನು ಅಲ್ಲಿ ಹೇಗೆ ಕಂಡರೆ ನಮಗೆ ಸಮಾಧಾನವೋ ಹಾಗೆ ಇವನನ್ನು ಇಲ್ಲಿ ಕಾಣೋಣ.

ತೆರಿಗೆಯ ಮಾತು

ಅಡಿಕೆಯ ಆದಾಯ ಕೃಷಿ ಆದಾಯವಾದ್ದರಿಂದ ಆದಾಯ ತೆರಿಗೆಯಿಂದ ಹೊರಗಿದೆ. ಈ ಅಭ್ಯಾಸದಲ್ಲಿ ಬಾಡಿಗೆಗೂ ತೆರಿಗೆಯಿಲ್ಲ ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ಬಾಡಿಗೆ ಮನೆ ಸ್ವತ್ತಿನ ಆದಾಯ, ತೆರಿಗೆಗೆ ಒಳಪಟ್ಟದ್ದು. ಬಂದ ಬಾಡಿಗೆಯಲ್ಲಿ ನಾವು ಕಟ್ಟಿದ ಕಂದಾಯ ಕಳೆದು, ಉಳಿದುದರಲ್ಲಿ ನೂರಕ್ಕೆ 30ರಷ್ಟನ್ನು ದುರಸ್ತಿ ಇತ್ಯಾದಿಗೆಂದು ಬಿಡುತ್ತಾರೆ. ಮೇಲಿನ ಲೆಕ್ಕದಲ್ಲಿ ಕೈಗೆ ಬಂದ 1,10,000ದಲ್ಲಿ 4,000 ಕಳೆದರೆ 1,06,000. ಅದರ ನೂರಕ್ಕೆ 30, ಅಂದರೆ 31,800 ಹೋಗಿ 74,200 ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಕಟ್ಟಲು ಸಾಲ ತಂದಿದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು. ಬೇರೆ ಆದಾಯವಿಲ್ಲದ ಸಣ್ಣ ಬೆಳೆಗಾರನಿಗೆ ಇಷ್ಟಕ್ಕೆ ತೆರಿಗೆ ಬಾರದು. ಆದರೆ ಬಾಡಿಗೆ, ಬಡ್ಡಿ, ಸಂಬಳಗಳು ಸೇರಿ ವಿನಾಯಿತಿಯ ಮಿತಿ ದಾಟಿದರೆ, ಐದು ಸಾವಿರ ಮೀರಿದ ಕೃಷಿ ಆದಾಯವನ್ನೂ ದರ ನಿರ್ಧರಿಸಲು ಸೇರಿಸಿಕೊಳ್ಳುತ್ತಾರೆ. ಮನೆಯಲ್ಲಿ ನೌಕರಿಯಲ್ಲಿರುವವರ ಹೆಸರಿಗೆ ಬಾಡಿಗೆ ಮನೆ ಮಾಡುವ ಮೊದಲು ಇದನ್ನು ಗಮನಿಸಬೇಕು.

ಕಾಫಿ ಬೆಳೆಗಾರ ಬಾಂಧವರಿಗೆ ಸಂಸ್ಕರಿಸಿ ಮಾರಿದ ಕಾಫಿಯ ಆದಾಯದ ನೂರಕ್ಕೆ 25 ಭಾಗ ಮೊದಲೇ ತೆರಿಗೆಗೆ ಸೇರುವುದರಿಂದ ಅವರು ಇನ್ನೂ ಎಚ್ಚರ ವಹಿಸಬೇಕು. ಅವರ ಕಡೆ ಬಾಡಿಗೆಗಿಂತ ಹೋಮ್‌ಸ್ಟೇ ಮಾತು ಹೆಚ್ಚು. ಅತಿಥಿಗೆ ಊಟ ಹಾಸಿಗೆ ಕೊಟ್ಟು ದಿನದ ಲೆಕ್ಕದಲ್ಲಿ ಹಣ ಪಡೆಯುವುದು ವ್ಯವಹಾರವೇ ಹೊರತು ಬಾಡಿಗೆಯಲ್ಲ. ಅದಕ್ಕೆ ಬೇರೆ ಪರವಾನಗಿ, ಬೇರೆ ದುಡಿಮೆ. ತಿಂಗಳ ಬಾಡಿಗೆಯ ನೆಮ್ಮದಿಯನ್ನು ಅದರಿಂದ ನಿರೀಕ್ಷಿಸಬಾರದು.

ಮೊದಲ ಹೆಜ್ಜೆ

ಹಾಗಾದರೆ ಶುರು ಮಾಡುವುದೆಲ್ಲಿಂದ? ಊರೊಳಗೆ ಹಳೆಯ ಮನೆಯೊಂದು ಬೀಗ ಹಾಕಿ ಬಿದ್ದಿದ್ದರೆ ಅಲ್ಲಿಂದ. ಅದರ ಹೆಂಚು ಬದಲಿಸಿ, ಬಚ್ಚಲು ಶೌಚಾಲಯ ಕಟ್ಟಿಸಿ, ಒಂದು ಸಂಸಾರಕ್ಕೆ ಬಿಡಿ. ಒಂದು ವರ್ಷ ನೋಟುಪುಸ್ತಕದಲ್ಲಿ ಬಂದದ್ದು ಹೋದದ್ದು ಬರೆಯಿರಿ. ಬಾಡಿಗೆ ಮೂರು ದಿನ ತಡವಾದಾಗ ಕೇಳುವ ಬಾಯಿ, ನಲ್ಲಿ ಸೋರಿದಾಗ ಓಡುವ ಕಾಲು ನಮಗಿದೆಯೇ ಎಂಬುದು ಆ ವರ್ಷದಲ್ಲಿ ತಿಳಿಯುತ್ತದೆ. ಇಲ್ಲವೆಂದು ಕಂಡುಬಂದರೆ ಹಣವನ್ನು ಠೇವಣಿಯಲ್ಲಿಟ್ಟು ತೋಟವನ್ನೇ ಚೆನ್ನಾಗಿ ನೋಡಿಕೊಂಡರಾಯಿತು, ಅದರಲ್ಲಿ ಅವಮಾನವೇನಿಲ್ಲ. ಇದೆಯೆಂದು ಕಂಡರೆ ಮುಂದಿನ ಒಳ್ಳೆಯ ಧಾರಣೆಯಲ್ಲಿ ಒಂದು ಹೊಸ ಮನೆ. ಅದರ ಬಾಡಿಗೆ ಸಾಧ್ಯವಾದರೆ ಮನೆಯೊಡತಿಯ ಖಾತೆಗೆ ಬರಲಿ. ತಿಂಗಳ ಖರ್ಚಿನ ನೋವು ಗೊತ್ತಿರುವವರು ಅವರೇ.

ಸಹಕಾರ ಸಂಘಗಳೂ ಇಲ್ಲಿ ಒಂದು ಕೆಲಸ ಮಾಡಬಹುದು. ಕ್ರಯಪತ್ರ, ಇ-ಸ್ವತ್ತು, ಬಾಡಿಗೆ ಕರಾರು ನೋಡಿ ಹೇಳಬಲ್ಲ ವಕೀಲರೊಬ್ಬರನ್ನು ತಿಂಗಳಿಗೊಂದು ದಿನ ಸಂಘದ ಕಛೇರಿಗೆ ಕರೆಸಿದರೆ, ದಲ್ಲಾಳಿಯ ಮಾತೇ ವೇದವಾಗಿರುವ ಸದಸ್ಯರಿಗೆ ದೊಡ್ಡ ಉಪಕಾರವಾಗುತ್ತದೆ. ಗೊಬ್ಬರ, ಮಾರಾಟಗಳಂತೆ ಇದೂ ಒಟ್ಟಾಗಿ ಮಾಡಿದರೆ ಅಗ್ಗವಾಗುವ ಕೆಲಸ.

ಅಡಿಕೆ ಮರದ ಬುಡದಲ್ಲಿ ನಾವು ಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಬಳ್ಳಿಗೆ ಮರ ಆಸರೆ, ಬಳ್ಳಿಯ ಫಸಲು ಮನೆಗೆ ಉಪಾದಾಯ. ಬಳ್ಳಿ ಹಬ್ಬಿಸಲೆಂದು ಮರವನ್ನು ಕಡಿದವರನ್ನು ನಾವು ಕಂಡಿಲ್ಲ. ಬಾಡಿಗೆ ಮನೆಯ ವಿಷಯದಲ್ಲೂ ಇಷ್ಟು ವಿವೇಕವನ್ನು ಉಳಿಸಿಕೊಂಡರೆ ಸಾಕು.